ಬೀರುವಿನ ಎರಡನೇ ಕೀಲಿ

"ನೋವು ಹತ್ತರಾಗ ಎರಡು ಅಂತ ನಿನ್ನ ಗಂಡನೇ ಹೇಳ್ಯಾನ. ಎರಡಕ್ಕ ಮಾರ್ಫಿನ್ ಕೊಟ್ಟರ ನನ್ನ ನೌಕರಿ ಹೋಗತದ. ಅತ್ತಾಗ ಸರಿ, ಕಿಟಕಿ ಮ್ಯಾಲೆ ಬೀಳಬ್ಯಾಡ."

ಆಸ್ಪತ್ರೆಯ ಔಷಧಿ ಉಗ್ರಾಣದ ಮಧ್ವೇಶರಾಯರು ಕೇಸ್ ಪೇಪರನ್ನು ಕೈಯಿಂದ ಮುಟ್ಟದೆ, ಮರದ ಸ್ಕೇಲಿನ ತುದಿಯಿಂದ ಚಂದ್ರಮ್ಮನ ಕಡೆ ನೂಕಿದರು. ಇಪ್ಪತ್ತು ವರ್ಷ ನಾಗಪುರದಲ್ಲಿ ನೌಕರಿ ಮಾಡಿ, ಪ್ರತಾಪ ನಗರದಲ್ಲಿ ಮನೆ ಕಟ್ಟಿಸಿದ ಮನುಷ್ಯ. ಮುಂಜಾನೆ ಅವಳ ಬಾಯಲ್ಲಿ ಕನ್ನಡ ಕೇಳಿದ ಕೂಡಲೇ ಹಿಗ್ಗಿ, ಊರು ಯಾವುದೆಂದು ಕೇಳಿದ್ದರು. ಸಿಂದಗಿ ಕಡೆ ಎಂದಳು. ಊರಲ್ಲಿ ಯಾವ ಓಣಿ ಎಂದರು. ಹೇಳಿದಳು. ಸ್ಕೇಲು ಹೊರಗೆ ಬಂದದ್ದು ಆಮೇಲೆ.

ಇದು ನಶೆಯ ಮಾಲು, ನಿಮ್ಮ ಮಂದಿಯ ಕೈಗೆ ಕೊಟ್ಟರೆ ಸಂಜೆಯೊಳಗೆ ಬಜಾರಿನಲ್ಲಿ ಮಾರುತ್ತೀರಿ ಎಂದರು ರಾಯರು.

"ಮಾರೂದಿದ್ರ ಇವನ್ನ ಮಾರತಿದ್ನಿ ಸಾಹೇಬ್ರ. ಯಾರೂ ತಗೋಳವಲ್ರು."

ಇವನೆಂದರೆ ದೊಡ್ಡಯ್ಯ. ದವಡೆಗೆ ಹಳೆ ಸೀರೆಯ ಚೂರು ಕಟ್ಟಿಕೊಂಡು ಪಡಸಾಲೆಯ ಗೋಡೆಗೆ ಒರಗಿದ್ದ. ಕನ್ಹಾನ್ ಹೊಳೆಯ ಉಸುಕನ್ನು ಟ್ರಕ್ಕಿಗೆ ತುಂಬುವ ಕೂಲಿ. ಹಸಿವು ಕೊಲ್ಲಲು ಅಡಿಕೆ, ತಂಬಾಕು, ಸುಣ್ಣ ತಿಕ್ಕಿದ ಖರ್ರಾ ಅಗಿದ. ಹಸಿವು ಸಾಯಲಿಲ್ಲ, ದವಡೆ ಸತ್ತಿತು. ಕ್ಯಾನ್ಸರಿಗೆ ನಾಲಿಗೆ ಹೋಗಿ ಆರು ತಿಂಗಳು. ಮನೆಯಲ್ಲಿ ನೋವು ತಾಳದೆ ಅವನು ತಲೆ ಬಡಿದು ಬಡಿದು ಜೋಪಡಿಯ ತಗಡೇ ತಗ್ಗಾಗಿತ್ತು.

ಅಂಥವನು ಎರಡು ಎಂದದ್ದು ಹೇಗೆ? ಮುಂಜಾನೆ ಡಾಕ್ಟರು ನೋವು ಅಳೆಯುವ ಒಂದು ಕಾಗದ ಹಿಡಿದರು. ಸೊನ್ನೆಗೆ ನಗುವ ಮುಖ, ಹತ್ತಕ್ಕೆ ಅಳುವ ಮುಖ. "ದುಖತೆ ಕಾ?" ಎಂದರು. ದೊಡ್ಡಯ್ಯ ಸೆಟೆದು ಕುಳಿತು ಎರಡು ಬೆರಳು ಎತ್ತಿದ. ಉಳಿದ ಅರ್ಧ ಬಾಯಲ್ಲಿ ನಗಲೂ ನೋಡಿದ.

ಹೊಳೆಯ ದಂಡೆಯಲ್ಲಿ ಕೂಲಿಗಳ ಹಾಜರಿ ಹಿಡಿಯುವ ಮುಕಾದಮ ದಿನಾ ಬೆಳಿಗ್ಗೆ ಕೇಳುತ್ತಿದ್ದುದು ಅದೇ ಮಾತು. ದುಖತೆ ಕಾ? ನೋಯುತ್ತದೆ ಎಂದವನು ಅಂದು ಟ್ರಕ್ಕಿನ ಹತ್ತಿರ ಸುಳಿಯುವಂತಿರಲಿಲ್ಲ. ಒಮ್ಮೆ ಟ್ರಕ್ಕಿನ ಹಿಂದಿನ ಹಲಗೆ ಕಾಲ ಮೇಲೆ ಬಿದ್ದು ಉಗುರು ಕಿತ್ತು ಬಂದಾಗಲೂ ದೊಡ್ಡಯ್ಯ ಏನಿಲ್ಲವೆಂದು ಹೇಳಿ, ಇನ್ನೊಂದು ಟ್ರಕ್ಕು ತುಂಬಿದ್ದ. ಹದಿನೆಂಟು ವರ್ಷ ಹಾಗೆ ಹೇಳಿದವನಿಗೆ ಬೇರೆ ಉತ್ತರವೇ ಗೊತ್ತಿರಲಿಲ್ಲ.

ಚಂದ್ರಮ್ಮ ಬಂದು ಅವನೆದುರು ಕುಕ್ಕರಗಾಲಲ್ಲಿ ಕುಳಿತಳು.

"ಹಾಟ್ಯಾನ ಮಗನ, ಮನ್ಯಾಗ ತಗಡಿಗೆ ತೆಲಿ ಬಡೀತಿ, ಇಲ್ಲಿ ಬಂದು ಶಾಣ್ಯಾ ಆಗ್ತೀ? ಆಕಿ ಮುಕಾದಮ ಅಲ್ಲೋ, ಡಾಕ್ಟರ. ನೋಯತೈತಿ ಅಂದ್ರ ಹಾಜರಿ ಕಟ್ ಮಾಡಂಗಿಲ್ಲ."

ದೊಡ್ಡಯ್ಯ ಮುಖ ತಿರುಗಿಸಿದ. ಅವನ ರಟ್ಟೆ ಹಿಡಿದು ಮತ್ತೆ ಡಾಕ್ಟರ ಕೋಣೆಗೆ ಎಳೆದುಕೊಂಡು ಹೋಗಿ, ಉಸುಕಿನ ದಂಡೆಯ ಕಥೆಯನ್ನೆಲ್ಲ ಚಂದ್ರಮ್ಮ ಹರಕು ಮರಾಠಿಯಲ್ಲಿ ಹೇಳಿದಳು. ಡಾಕ್ಟರು ಚಾರುಲತಾ ಇನ್ನೂ ಎಳೆಯ ಹುಡುಗಿ. ನಂಬಬೇಕೋ ಬೇಡವೋ ತಿಳಿಯದೆ ಅವನ ದವಡೆಯ ಕೆಳಗೆ ಒಂದು ಬೆರಳು ಇಟ್ಟು ಮೆಲ್ಲಗೆ ಒತ್ತಿದಳು. ದೊಡ್ಡಯ್ಯ ಕುಳಿತಲ್ಲೇ ಉಚ್ಚೆ ಹೊಯ್ದುಕೊಂಡ. ಹೊಯ್ಯುತ್ತಲೇ ಎರಡು ಬೆರಳು ಎತ್ತಿದ.

ಚಾರುಲತಾ ಎರಡನ್ನು ಹೊಡೆದು ಹಾಕಿ ಹತ್ತು ಎಂದು ಬರೆದು ಸಹಿ ಹಾಕಿದಳು.

ಆದರೆ ಮಾರ್ಫಿನ್ ಬೀರುವಿಗೆ ಎರಡು ಬೀಗ. ಒಂದು ಕೀಲಿ ಚಾರುಲತಾಳ ಕೋಟಿನಲ್ಲಿ, ಇನ್ನೊಂದು ರಾಯರ ಹತ್ತಿರ. ಉಗ್ರಾಣದ ಕಿಟಕಿ ಮುಚ್ಚಿತ್ತು. ಹೆಡ್ ಕ್ಲರ್ಕಿನ ನಿವೃತ್ತಿ ಸಮಾರಂಭ, ರಾಯರು ಮಹಡಿಯ ಹಾಲ್‌ನಲ್ಲಿದ್ದಾರೆ, ಇಂದು ಶನಿವಾರ, ಸೋಮವಾರ ಬಾ ಎಂದ ಜವಾನ. ಕೀಲಿಯಷ್ಟೇ ಇಸಿದುಕೊಂಡು ಬಾ ಎಂದು ಚಂದ್ರಮ್ಮ ಅಂದದ್ದಕ್ಕೆ ಅವನು ನಕ್ಕ. ರಾಯರು ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದಾರಂತೆ. ಸ್ನಾನಕ್ಕೂ ಸಂಡಾಸಕ್ಕೂ ಅದು ಅವರ ಜೊತೆಗೇ ಹೋಗಿ ಬರುತ್ತದಂತೆ.

ಚಂದ್ರಮ್ಮ ಬೆನ್ನು ಬಗ್ಗಿಸಿದಳು. ದೊಡ್ಡಯ್ಯನನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿದಳು. ದಂಡೆಯಲ್ಲಿ ಅವಳು ಹೊರುತ್ತಿದ್ದ ಹಸಿ ಉಸುಕಿನ ಬುಟ್ಟಿ ಇವನಿಗಿಂತ ಭಾರ.

ಹಾಲ್‌ನಲ್ಲಿ ಹಾರ, ಮೈಕು, ಸಮೋಸಾದ ತಟ್ಟೆಗಳು. ರಾಯರು ವೇದಿಕೆಯ ಮೇಲೆ ಮಖಮಲ್ಲಿನ ಕುರ್ಚಿಯಲ್ಲಿದ್ದರು. ಅವಳು ಪೇಪರು ಚಾಚಿ, ಹತ್ತಾಗಿದೆ ಎಂದಳು.

"ಮುಂಜಾನೆ ಎರಡು, ಮಧ್ಯಾಹ್ನ ಹತ್ತು. ಇದೇನು ಹರಾಜ ಏನು? ಸೋಮವಾರ ಬಾ. ಎರಡ ದಿನ ತಡಕೊಂಡ್ರ ಸಾಯೂದಿಲ್ಲ."

ಪಕ್ಕದ ಕುರ್ಚಿ ಖಾಲಿಯಿತ್ತು. ಚಂದ್ರಮ್ಮ ದೊಡ್ಡಯ್ಯನನ್ನು ಅದರಲ್ಲಿ ಕೂರಿಸಿ, ದವಡೆಯ ಬಟ್ಟೆ ಬಿಚ್ಚಿದಳು.

ಕೆನ್ನೆಯ ತೂತಿನಿಂದ ಹಲ್ಲುಗಳು ಹೊರಗೆ ಕಂಡವು. ವಾಸನೆ ಮೊದಲ ಸಾಲಿಗೆ ಮುಟ್ಟಿತು, ಎರಡನೆಯದಕ್ಕೆ ಮುಟ್ಟಿತು. ಸೆರಗುಗಳು ಮೂಗಿಗೆ ಹೋದವು. ಹಾರ ಹಾಕಿಸಿಕೊಂಡ ಹೆಡ್ ಕ್ಲರ್ಕು ಎಲ್ಲರಿಗಿಂತ ಮುಂಚೆ ಬಾಗಿಲು ಮುಟ್ಟಿದ. ರಾಯರೂ ಏಳಲು ಹೋದರು. ಆಗ ದೊಡ್ಡಯ್ಯನ ಕೈ ಅವರ ಅಂಗಿಯ ಕೊರಳೊಳಗೆ ಇಳಿದು, ಜನಿವಾರವನ್ನು ಹೊರಗೆಳೆದು, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿಯಿತು.

"ಏ, ಬಿಡೋ, ಹರೀತದ!"

"ಹರದ್ರ ಹೊಸಾದು ಹಾಕ್ಕೋರಿ," ಎಂದಳು ಚಂದ್ರಮ್ಮ. "ಮೈಲಿಗಿ ಅಂತೂ ಆಗೇ ಹೋತು. ನಡೀರಿ ಕೆಳಗ."

ಕಾವಲುಗಾರ ಓಡಿ ಬಂದ, ದೊಡ್ಡಯ್ಯನ ಮುಖ ನೋಡಿದ, ನಿಂತ. ಅವಳು ಗಂಡನನ್ನು ಮತ್ತೆ ಬೆನ್ನಿಗೇರಿಸಿದಳು. ಅಂಗಿಯಿಂದ ಹೊರಬಂದ ದಾರ ಗೇಣುದ್ದವಿತ್ತು. ಅವಳು ಒಂದು ಮೆಟ್ಟಿಲು ಇಳಿದರೆ ರಾಯರೂ ಒಂದು ಮೆಟ್ಟಿಲು. ಮುಖ ಅತ್ತ ತಿರುಗಿಸಿದರೆ ಕೊರಳಿಗೆ ಬಿಗಿಯುತ್ತಿತ್ತು, ಇತ್ತ ತಿರುಗಿಸಿದರೆ ತೆರೆದ ದವಡೆ. ಪಡಸಾಲೆಯ ರೋಗಿಗಳು ಎದ್ದು ನಿಂತು ದಾರಿ ಬಿಟ್ಟರು.

ಬೀರುವಿನ ಮುಂದೆ ಕಾದಿದ್ದ ಚಾರುಲತಾ ತನ್ನ ಕೀಲಿ ತಿರುಗಿಸಿದಳು. ರಾಯರು ತಾನೇ ತೆಗೆಯುತ್ತೇನೆ, ದೇವರಾಣೆ, ಇವನು ಕೈ ಬಿಡಲಿ ಎಂದರು. ದೊಡ್ಡಯ್ಯ ಬಿಡಲಿಲ್ಲ. ಚಂದ್ರಮ್ಮ ಇನ್ನಷ್ಟು ಬಗ್ಗಿದಳು. ಕೀಲಿ ತೂತಿಗೆ ಹೊಕ್ಕಿತು. ಅದರ ಹಿಂದೆಯೇ ರಾಯರ ಎದೆ ಬೀರುವಿಗೆ ಅಂಟಿತು, ಅವರ ಕೆನ್ನೆ ದೊಡ್ಡಯ್ಯನ ಕೆನ್ನೆಯ ಪಕ್ಕ ಬಂತು. ಅವರು ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದರು.

ದೊಡ್ಡಯ್ಯ ಕೀಲಿಯನ್ನು ತಿರುವತೊಡಗಿದ. ಅವಸರವೇ ಇಲ್ಲದೆ ತಿರುವಿದ. ಅವನ ಪಕ್ಕೆಲುಬುಗಳು ಕುಲುಕುತ್ತಿರುವುದು ಚಂದ್ರಮ್ಮನ ಬೆನ್ನಿಗೆ ತಿಳಿಯಿತು. ನಗುತ್ತಿದ್ದ, ಭಾಡ್ಯಾ.