ಮೂರನೆಯ ಹಲಗೆ

ಆಕೆಯನ್ನು ಎಲ್ಲರೂ ಎಣ್ಣೆಯಕ್ಕ ಎನ್ನುತ್ತಿದ್ದರು. ಅಡುಗೆಯ ಎಣ್ಣೆಗೂ ತಲೆಗೆ ಹಚ್ಚುವ ಎಣ್ಣೆಗೂ ಈ ಹೆಸರಿಗೂ ಸಂಬಂಧವಿಲ್ಲ. ಜನ ಹಿತ್ತಲಲ್ಲಿ ಕಟ್ಟಿಸಿಕೊಳ್ಳುವ ಮರದ ಜಗಲಿಗೆ, ಈಗಿನವರ ಬಾಯಲ್ಲಿ ಡೆಕ್ಕಿಗೆ, ಯಾವ ಎಣ್ಣೆ ಕುಡಿಸಬೇಕು, ಯಾವ ಬಣ್ಣ ಬಳಿಯಬೇಕು ಎಂದು ಹೇಳುವುದು, ಹೇಳಿದ್ದನ್ನು ತಾನೇ ಮಂಡಿಯೂರಿ ಬಳಿಯುವುದು ಮೂವತ್ತು ವರ್ಷದಿಂದ ಅವಳ ಕಸುಬು. ಜಗಲಿ ಕಟ್ಟುವವನು ಅವಳ ತಮ್ಮ, ಬಡಗಿ. ಅವನಿಗೆ ಏಳು ತುಂಬುವ ಮೊದಲೇ ತಾಯಿ ತೀರಿಕೊಂಡಿದ್ದಳು. ತಲೆ ಬಾಚಿದ್ದು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡಿದ್ದು, ಕೈಗೆ ಉಳಿ ಕೊಟ್ಟು ಕಸುಬಿಗೆ ಹಚ್ಚಿದ್ದು ಎಲ್ಲ ಅಕ್ಕನೇ.

ಡಬ್ಬದ ಮೇಲೆ ಬರೆದದ್ದನ್ನು ನಂಬುವ ಹೆಂಗಸಲ್ಲ ಅವಳು. ಡಬ್ಬಕ್ಕೇನು, ಬರೆಸಿದವರು ಹೇಳಿಸಿದ್ದನ್ನೇ ಹೇಳುತ್ತದೆ. ಪ್ರತಿ ವರ್ಷ ಒಂದೇ ಮರದ ಆರು ತುಂಡು ಹಲಗೆಗೆ ಆರು ಬಗೆ ಬಳಿದು, ಹೆಸರನ್ನು ಬೆನ್ನಿಗೆ ಬರೆದು, ತಮ್ಮನ ಕೈಯಲ್ಲಿ ತಾರಸಿಯ ಮೇಲಿನ ಚೌಕಟ್ಟಿಗೆ ಮೊಳೆ ಹೊಡೆಸಿ ತೂಗುಹಾಕಿಸುವಳು. ಬಿಸಿಲು, ಮಳೆ, ಕಾಗೆಯ ಹಿಕ್ಕೆ, ಏನು ಬಿದ್ದರೂ ವರ್ಷವಿಡೀ ಅಲ್ಲೇ. ವರ್ಷ ತುಂಬಿದ ದಿನ ತಮ್ಮ ಅವನ್ನು ಕಿತ್ತು ತಂದು ಮೇಜಿನ ಮೇಲೆ ಮುಖ ಮೇಲಾಗಿ ಸಾಲಾಗಿ ಇಡಬೇಕು. ಅವಳು ನೀರು ಚಿಮುಕಿಸಿ, ಉಗುರಿನಿಂದ ಕೆರೆದು, ಮೂಸಿ ನೋಡಿ ಒಂದನ್ನು ಆರಿಸಬೇಕು. ಆಮೇಲೆಯೇ ಬೆನ್ನು ತಿರುಗಿಸಿ ಹೆಸರು ಓದುವುದು. ಹೆಸರಿನ ಮುಲಾಜಿಗೆ ಬೀಳಬಾರದು ಎಂದು ಅವಳೇ ಮಾಡಿಕೊಂಡ ಕಟ್ಟಳೆ ಅದು. ಅವಳು ಯಾವುದನ್ನು ಹೇಳಿದರೆ ಆ ವರ್ಷ ಮನೆ ಕಟ್ಟಿಸುವವರೆಲ್ಲ ಕಣ್ಣು ಮುಚ್ಚಿಕೊಂಡು ಅದನ್ನೇ ಕೊಳ್ಳುತ್ತಿದ್ದರು.

ಹೋದ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಅವಳ ಎರಡೂ ಕಣ್ಣಿನ ಪೊರೆ ತೆಗೆಸಿದರು, ಒಂದಾದ ಮೇಲೊಂದು. ಏಣಿ ಹತ್ತಬಾರದು, ಧೂಳಿಗೆ ಹೋಗಬಾರದು ಎಂದು ಡಾಕ್ಟರು ನಾಲ್ಕು ತಿಂಗಳು ಕೂರಿಸಿದರು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನೋ ಗಾದೆ ನಿಮಗಂತಲೇ ಮಾಡಿದ್ದು ಎಂದು ಪಕ್ಕದ ಮನೆಯವಳು ರೇಗಿಸಿದಳು. ಎಣ್ಣೆಯಕ್ಕ ನಕ್ಕಳು. ಹಲಗೆಗಳನ್ನು ನೋಡಿಕೊಳ್ಳಲು ತಮ್ಮ ಇದ್ದಾನಲ್ಲ, ಇನ್ನೇನು ಚಿಂತೆ.

ಆರಿಸುವ ದಿನ ಐದು ಹಲಗೆ ಬೂದಿ ಬಣ್ಣಕ್ಕೆ ತಿರುಗಿದ್ದವು. ಮೂರನೆಯದು ಮಾತ್ರ ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ನೀರು ಹಾಕಿದರೆ ಮಣಿಮಣಿಯಾಗಿ ನಿಂತಿತು. ಅಷ್ಟು ಚೆನ್ನಾಗಿದೆ ಅಂದಾಗಲೇ ಅನುಮಾನ ಬರಬೇಕಿತ್ತು; ಆದರೆ ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವುದಕ್ಕೆ ತಂದಿಟ್ಟವರು ಮನೆಯವರಾದರೆ ಸಾಕು. ತಿರುಗಿಸಿ ನೋಡಿದರೆ ಅದು ಎಣ್ಣೆಯೇ ಅಲ್ಲ, ಹೊಸ ಕಂಪನಿಯೊಂದರ ಬಣ್ಣ, ಮರದೊಳಗೆ ಇಳಿಯದೆ ಮೇಲೆ ಪೊರೆಯಾಗಿ ಕೂರುವಂಥದ್ದು. ಅಂಥದ್ದನ್ನು ಅವಳು ಹಿಂದೆಂದೂ ಆರಿಸಿರಲಿಲ್ಲ. ಆದರೂ ಹಲಗೆ ಹೇಳಿದ ಮೇಲೆ ಮುಗಿಯಿತು.

ಆ ಬಣ್ಣವನ್ನು ಅವಳು ಮೊದಲು ಬಳಿದದ್ದು ಹೆಡ್‌ಮೇಡಂ ಮನೆಯ ಜಗಲಿಗೆ. ಮೇಡಂಗೆ ಎಂಬತ್ತೆರಡು. ತಮ್ಮನನ್ನು ಸಾಕಲು ಶಾಲೆ ಬಿಟ್ಟಿದ್ದ ಹುಡುಗಿಯನ್ನು ಸಂಜೆ ಹೊತ್ತು ಮನೆಗೆ ಕರೆದು ಓದು ಬರಹ ಕಲಿಸಿದವರು ಅವರೇ. ಈಗ ವಾಕರ್ ಹಿಡಿದು ಬೆಳಗ್ಗೆ ಜಗಲಿಗೆ ಬಂದು ಬರಿಗಾಲಲ್ಲಿ ಕೂರುವುದು ಅವರಿಗೆ ಉಳಿದಿರುವ ಒಂದೇ ತಿರುಗಾಟ. ಐದು ವರ್ಷ ಯೋಚನೆ ಬೇಡ, ಇದು ನನ್ನ ಮಾತು ಎಂದು ಎಣ್ಣೆಯಕ್ಕ ಅವರ ಕೈ ಹಿಡಿದು ಹೇಳಿದ್ದಳು.

ಒಂಬತ್ತು ತಿಂಗಳಿಗೆ ಬಣ್ಣ ಹಪ್ಪಳದ ಹಾಗೆ ಏಳತೊಡಗಿತು. ಪೊರೆಯ ಕೆಳಗೆ ನೀರು ನಿಂತು ಮರ ಕಪ್ಪಾಯಿತು. ವಾಕರಿನ ಕಾಲು ಎದ್ದ ಚಕ್ಕೆಗೆ ಸಿಕ್ಕಿ ಎರಡು ಸಲ ಮುಗ್ಗರಿಸಿದ ಮೇಲೆ ಮೇಡಂ ಹೊರಗೆ ಬರುವುದನ್ನೇ ಬಿಟ್ಟರು. ಎಣ್ಣೆಯಕ್ಕನಿಗೆ ಊಟ ಸೇರಲಿಲ್ಲ. ಬಳಿಯುವಾಗ ಮರ ಹಸಿಯಿತ್ತೇ, ಉಜ್ಜಿದ್ದು ಸಾಲದೇ, ತನ್ನ ಕೈಯೇ ತಪ್ಪಿತೇ ಎಂದು ತನ್ನನ್ನೇ ತಾನು ಬೈದುಕೊಂಡಳು. ಕೊನೆಗೆ ತಾರಸಿಯ ಗೂಡಿನಲ್ಲಿಟ್ಟಿದ್ದ ಹಳೆಯ ಆರು ಹಲಗೆಗಳನ್ನು ತೆಗೆದು ಬಿಸಿಲಿಗೆ ಹಿಡಿದಳು.

ಐದು ಹಲಗೆಗಳ ಮೊಳೆತೂತಿನ ಸುತ್ತ ತುಕ್ಕಿನ ಕಪ್ಪು ಉಂಗುರ, ಅಲ್ಲಿಂದ ಕೆಳಕ್ಕೆ ಇಳಿದ ಕೆಂಪು ಗೆರೆ. ವರ್ಷದ ಮಳೆ ತಿಂದ ಮೊಳೆ ಬಿಡುವ ಗುರುತು ಅದು. ಮೂರನೆಯ ಹಲಗೆಯ ತೂತು ಈಗ ತಾನೇ ಕೊರೆದ ಹಾಗೆ ಶುಭ್ರವಾಗಿತ್ತು. ಅದು ಮಳೆಯಲ್ಲಿ ಒಂದು ದಿನವೂ ನಿಂತಿರಲಿಲ್ಲ. ಮೂವತ್ತು ವರ್ಷ ಹಲಗೆಯ ಮುಖ ನೋಡಿದಳು, ಬೆನ್ನು ನೋಡಿದಳು, ತೂತು ನೋಡಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಮೊಳೆ ಹೊಡೆಯುವವನು, ಕೀಳುವವನು ತಮ್ಮನಲ್ಲವೇ. ಅವಳು ಮೂರನೆಯ ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಏಣಿ ಇಳಿದಳು.

ತಮ್ಮ ತನ್ನ ಕಾರ್ಖಾನೆಯಲ್ಲಿ ಹಲಗೆ ಹೆರೆಯುತ್ತಿದ್ದ. ಅವಳು ಹಲಗೆ ತೋರಿಸಿದಾಗ ಅವನು ಸುಳ್ಳು ಹೇಳಲಿಲ್ಲ, ಅದೊಂದು ಪುಣ್ಯ. ಆ ಬಣ್ಣ ಮಾರುವ ಅಂಗಡಿಯಲ್ಲಿ ತಾನೂ ಪಾಲುದಾರ ಎಂದ. ನಿಜವಾದ ಮೂರನೆಯ ಹಲಗೆ ಮೊದಲ ಮಳೆಗೇ ಸಿಪ್ಪೆ ಎದ್ದಿತ್ತು, ಅದನ್ನು ಬಿಸಾಡಿ ಹೊಸ ಹಲಗೆಗೆ ಅದೇ ಬಣ್ಣ ಬಳಿದು, ಬೆನ್ನಿಗೆ ಹೆಸರು ಬರೆದು ಇಟ್ಟೆ ಎಂದ.

"ಕೇಳಬಹುದಿತ್ತಲ್ಲೋ ನನ್ನ," ಅಂದಳು.

"ಏನಂತ ಕೇಳ್ಲಿ? ನಾನು ನೂರು ಸಲ ಹೇಳಿದ್ರೂ ಯಾರೂ ಕೊಳ್ಳಲ್ಲ. ನಿನ್ನ ಬಾಯಲ್ಲಿ ಒಂದು ಸಲ ಬಂದ್ರೆ ಸಾಕಿತ್ತು. ಕೇಳಿದ್ರೆ ನೀನು ಹೇಳ್ತಿದ್ಯಾ?"

ಹೇಳುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಸಾಕಿದ ಕೈಯೇ ಅವನಿಗೆ ಏಣಿಯಾಗಿತ್ತು, ಹತ್ತಿದ. ಅವಳು ಹಲಗೆ ಎತ್ತಿಕೊಂಡು ನೇರವಾಗಿ ಮೇಡಂ ಮನೆಗೆ ಹೋದಳು. ತನ್ನ ಮಾತು ಸುಳ್ಳಾಯಿತೆಂದು ಒಪ್ಪಿಕೊಂಡು, ಜಗಲಿಯನ್ನು ಕೆರೆದು ಕೊಡುವುದಷ್ಟೇ ಅವಳ ಮನಸ್ಸಿನಲ್ಲಿತ್ತು. ತಮ್ಮನ ಹೆಸರು ಎತ್ತಬಾರದು ಎಂದು ದಾರಿಯುದ್ದಕ್ಕೂ ನಿರ್ಧರಿಸಿಕೊಂಡಿದ್ದಳು.

ಅವಳು ಬಾಯಿ ತೆರೆಯುವ ಮೊದಲೇ ಮೇಡಂ ಅವಳ ಕೈ ತಟ್ಟಿದರು.

"ನೊಂದ್ಕೋಬೇಡ. ನಿನ್ನ ತಮ್ಮ ಹೋದ ತಿಂಗಳೇ ಬಂದು ಹೇಳಿದ. ಆಪರೇಷನ್ ಆದ್ಮೇಲೆ ಅಕ್ಕಂಗೆ ಕಣ್ಣು ಸರಿಯಾಗಿ ಕಾಣಲ್ಲ, ಹಲಗೆ ಆರಿಸೋವಾಗ ತಪ್ಪಿದಳು, ಇನ್ಮೇಲೆ ನಾನೇ ಆರಿಸ್ತೀನಿ ಅಂದ. ಎಲ್ಲರಿಗೂ ಹೇಳಿದ್ದಾನಂತೆ. ಇವತ್ತು ಜಗಲಿ ನೋಡೋಕೆ ಬರ್ತೀನಿ ಅಂದಿದ್ದ."

ಹೋದ ತಿಂಗಳು. ಅವಳು ಅನ್ನ ಬಿಟ್ಟು ತನ್ನ ಕೈಯನ್ನೇ ಶಪಿಸುತ್ತಿದ್ದ ದಿನಗಳಲ್ಲಿ ಅವನು ಮನೆಮನೆಗೆ ಹೋಗಿ ಅವಳ ಕಣ್ಣು ಕಿತ್ತಿದ್ದ. ಮಾತು ಹೋದರೆ ಹೋಯಿತು. ಕಣ್ಣೇ ಹೋಯಿತೆಂದರೆ ಎಣ್ಣೆಯಕ್ಕ ಎನ್ನುವವಳೇ ಇಲ್ಲ. ದಾರಿಯಲ್ಲಿ ಮಾಡಿದ ನಿರ್ಧಾರ ಅಲ್ಲೇ ಮುರಿಯಿತು. ನಡೆದದ್ದನ್ನೆಲ್ಲ ಹೇಳಿದಳು. ಮೇಡಂ ಕನ್ನಡಕ ಹಾಕಿಕೊಂಡು ಹಲಗೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮಡಿಲಲ್ಲಿ ಇಟ್ಟುಕೊಂಡರು.

ತಮ್ಮ ಬಂದಾಗ ಅವಳು ಜಗಲಿಯ ಮೇಲೆ ಮಂಡಿಯೂರಿ ಬಣ್ಣ ಕೆರೆಯುತ್ತಿದ್ದಳು. ಮೇಡಂ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹಲಗೆ ಅವರ ಮಡಿಲಲ್ಲಿತ್ತು. ಅವನು ಅದನ್ನು ಕಂಡು ಒಂದು ಗಳಿಗೆ ನಿಂತ.

ಎಣ್ಣೆಯಕ್ಕ ಎದ್ದು ಹಲಗೆ ತೆಗೆದು ಅವನ ಕೈಗೆ ಕೊಟ್ಟಳು. "ನನಗೆ ಕಣ್ಣು ಕಾಣಲ್ಲ ಅಂದ್ಯಂತೆ. ಆಗ್ಲಿ. ನೀನೇ ನೋಡಿ ಮೇಡಂಗೆ ಹೇಳು. ಈ ಮೊಳೆತೂತಲ್ಲಿ ತುಕ್ಕು ಇದೆಯಾ, ಇಲ್ವಾ?"

ಅಷ್ಟು ಹೊತ್ತಿಗೂ ಅವಳಿಗೆ ಒಂದು ಆಸೆ ಉಳಿದಿತ್ತು. ಇಲ್ಲ ಅಂದುಬಿಡಲಿ. ಇಲ್ಲ ಎಂಬ ಒಂದು ಮಾತು ಹೇಳಿದರೆ ಸಾಕು, ಉಳಿದದ್ದೆಲ್ಲ ತಾನೇ ಹೊತ್ತುಕೊಳ್ಳುತ್ತೇನೆ, ಕಾಲು ಜಾರಿತು ಅವನದು ಎಂದು ಬೇಕಾದರೆ ತಾನೇ ಊರಿಗೆಲ್ಲ ಸಮಾಧಾನ ಹೇಳುತ್ತೇನೆ.

ಅವನು ಹಲಗೆಯನ್ನು ನೋಡಿದ. ಮೇಡಂ ಮುಖ ನೋಡಿದ, ಅವರ ದಪ್ಪ ಕನ್ನಡಕ ನೋಡಿದ.

"ಇದೆ ಅಕ್ಕ," ಅಂದ ಮೆಲ್ಲಗೆ. "ಚೆನ್ನಾಗೇ ಇದೆ. ನಿನಗೆ ಕಾಣಿಸ್ತಿಲ್ಲ ಅಷ್ಟೆ."

ಮೇಡಂ ಕೈ ಚಾಚಿ ಹಲಗೆಯನ್ನು ಅವನಿಂದ ವಾಪಸು ತೆಗೆದುಕೊಂಡರು. ನೀನಿನ್ನು ಹೊರಡಪ್ಪ ಎಂದರು. ಮತ್ತೆ ಮಂಡಿಯೂರಿದ ಎಣ್ಣೆಯಕ್ಕ ಗೇಟು ಹಾಕಿದ ಸದ್ದಾಗುವವರೆಗೂ ತಲೆ ಎತ್ತಲಿಲ್ಲ. ಕಣ್ಣಿಂದ ನೀರು ಹರಿದು ಹೋಗುತ್ತಿತ್ತು, ಕೈ ಮಾತ್ರ ಕೆರೆಯುತ್ತಲೇ ಇತ್ತು.

"ಈ ಸಲ ಇದಕ್ಕೆ ಯಾವುದು ಹಚ್ತೀಯಾ?" ಮೇಡಂ ಕೇಳಿದರು.

"ಸದ್ಯಕ್ಕೆ ಹಳೇ ಎಣ್ಣೇನೇ ಕುಡಿಸ್ತೀನಿ ಮೇಡಂ. ಒಳ್ಳೇದು ಯಾವುದು ಅಂತ ಹೇಳೋಕೆ ಇನ್ನೊಂದು ವರ್ಷ ಬೇಕು."

ಕಾಯುತ್ತೇನೆ ಎಂದರು ಎಂಬತ್ತೆರಡರ ಮೇಡಂ. ಮರುದಿನ ಬೆಳಗ್ಗೆ ಎಣ್ಣೆಯಕ್ಕ ಆರು ಹಲಗೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಏಣಿ ಹತ್ತಿ, ಆರಕ್ಕೂ ತಾನೇ ಮೊಳೆ ಹೊಡೆದಳು.