ಬಂಗಾರ ಸವೆದ ಬಸಿ

ನಾನು ಒಂದು ಬಸಿ. ಕಪ್ಪಿನ ಕೆಳಗೆ ಕೂರುವ ಬಸಿ ತಾನೇ ಎಂದು ಮೂಗು ಮುರಿಯಬೇಡಿ. ಕಪ್ಪಿನ ಕೆಳಗೆ ಸುಮ್ಮನೆ ಕೂತದ್ದು ನನ್ನ ಆಯುಷ್ಯದ ಮೊದಲ ಕೆಲವು ವರ್ಷ ಮಾತ್ರ. ಆಮೇಲೆ ನಾನು ಬಾಳಿದ್ದನ್ನು ನೋಡಿ ಕಪ್ಪಿಗೇ ಹೊಟ್ಟೆಕಿಚ್ಚು ಬಂದಿದ್ದರೆ ಆಶ್ಚರ್ಯವಿಲ್ಲ.

ಹುಟ್ಟಿದ್ದು ಇಂಗ್ಲೆಂಡಿನ ಒಂದು ಕುಂಬಾರರ ಊರಿನಲ್ಲಿ. ಬಿಳಿ ಮಣ್ಣು, ಕಲ್ಲಿನ ಪುಡಿ, ಸುಟ್ಟ ಮೂಳೆಯ ಬೂದಿ, ಈ ಮೂರನ್ನೂ ಕಲಸಿ ಅಚ್ಚಿಗೆ ಹಾಕಿ ಬೆಂಕಿಯಲ್ಲಿ ಬೇಯಿಸಿದರು. ಮೂಳೆ ಬೆರೆತದ್ದರಿಂದಲೇ ನಮ್ಮ ಕುಲಕ್ಕೆ ಬೋನ್ ಚೈನಾ ಎಂದು ಹೆಸರು. ನೋಡಲು ತೆಳು, ಒಳಗೆ ಗಟ್ಟಿ. ಬೆಳಕಿಗೆ ಹಿಡಿದರೆ ಹಿಂದಿರುವ ಬೆರಳುಗಳ ನೆರಳು ಕಾಣುತ್ತದೆ, ಉಗುರಿನಿಂದ ತಟ್ಟಿದರೆ ಪುಟ್ಟ ಗಂಟೆಯ ಹಾಗೆ ಉಲಿಯುತ್ತೇನೆ. ಒಬ್ಬ ಹೆಣ್ಣುಮಗಳು ನನ್ನ ಮೈಮೇಲೆ ನೀಲಿ ಹೂಗಳನ್ನು ಬರೆದಳು. ಕೊನೆಗೆ ಉಸಿರು ಬಿಗಿಹಿಡಿದು, ಒಂದೇ ಸುತ್ತಿನಲ್ಲಿ, ನನ್ನ ಅಂಚಿಗೆ ನಿಜವಾದ ಬಂಗಾರದ ಗೆರೆ ಎಳೆದಳು. ಪಾತ್ರೆಗಳಲ್ಲಿ ಇಂಥ ಜನ್ಮ ಎಷ್ಟು ಮಂದಿಗೆ ಸಿಗುತ್ತದೆ, ಹೇಳಿ!

ಆರು ಕಪ್ಪು, ಆರು ಬಸಿ, ಒಂದು ಟೀ ಪಾಟ್. ನಾವೆಲ್ಲ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಹಡಗು ಹತ್ತಿ ಮುಂಬಯಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿ ಸೇರಿದೆವು. ರೈಲ್ವೆ ಇಂಜಿನಿಯರ್ ಸಾಹೇಬನ ಬಂಗಲೆಯಲ್ಲಿ ನನ್ನ ಕೆಲಸ ಬಲು ಸುಲಭವಾಗಿತ್ತು: ಕಪ್ಪು ಹೊರುವುದು, ಚಮಚಕ್ಕೆ ಜಾಗ ಕೊಡುವುದು. ಒಂದು ಹನಿ ಚಹಾ ನನ್ನೊಳಗೆ ಬಿದ್ದರೂ ಮೇಮ್‌ಸಾಹೇಬರ ಹುಬ್ಬು ಮೇಲೇರುತ್ತಿತ್ತು. ಚಹಾದ ಮನೆಯಲ್ಲಿದ್ದೂ ಚಹಾದ ರುಚಿ ತಿಳಿಯದೆ ಒಣಗಿ ಕೂತಿದ್ದೆ.

ಇಂಗ್ಲಿಷರು ಗಂಟುಮೂಟೆ ಕಟ್ಟಿದ ವರ್ಷ, ಹೊರಡುವ ದಿನ ಮೇಮ್‌ಸಾಹೇಬರು ನಮ್ಮನ್ನು ಅಡುಗೆಯ ದಾವೀದಪ್ಪನ ಕೈಗಿತ್ತು ಹೋದರು. ದಾವೀದಪ್ಪ ನಮ್ಮನ್ನು ಹೆಗಲ ಮೇಲೆ ಹೊತ್ತುಕೊಂಡೇ ಮನೆಗೆ ನಡೆದ.

"ಮಾರ್ತಾ, ಚಹಾ ಮಾಡು. ಇವತ್ತ ಸಾಹೇಬನ ಕಪ್ಪಿನ್ಯಾಗ ಕುಡಿಯೂಣು" ಎಂದು ಹೆಂಡತಿಯನ್ನು ಕೂಗಿದ.

ಹಾಲು, ಸಕ್ಕರೆ, ಶುಂಠಿ ಎಲ್ಲ ಕೂಡಿ ಕುದ್ದ ಚಹಾ ಬಂತು. ದಾವೀದಪ್ಪ ಕಪ್ಪನ್ನು ಎತ್ತಿದ. ತುಟಿಗೆ ಒಯ್ಯುತ್ತಾನೆಂದುಕೊಂಡರೆ, ಇಲ್ಲ! ಅಷ್ಟನ್ನೂ ನನ್ನೊಳಗೆ ಸುರಿದ. ಮೇಮ್‌ಸಾಹೇಬರು ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರೇನೋ. ಅವನು ಎರಡೂ ಕೈಯಲ್ಲಿ ನನ್ನನ್ನೆತ್ತಿ, ಉಫ್ ಎಂದು ಊದಿ, ಸುರ್‌ರ್ ಎಂದು ಎಳೆದ. ನನ್ನ ಅಂಚಿಗೆ ಮನುಷ್ಯರ ತುಟಿ ತಾಗಿದ್ದು ಅಂದೇ ಮೊದಲು. ಸುಡುವುದನ್ನು ಕಪ್ಪು ಕೊಡುತ್ತದೆ, ಕುಡಿಯುವ ಹದಕ್ಕೆ ತರುವುದು ನಾನು. ನಾನು ಹುಟ್ಟಿದ್ದು ಇಂಗ್ಲೆಂಡಿನಲ್ಲಾದರೂ ಬಸಿಯಾದದ್ದು ಹುಬ್ಬಳ್ಳಿಯಲ್ಲಿ.

ಆ ಮನೆಯಲ್ಲಿ ನಾನು ಬಿಡುವೇ ಕಾಣಲಿಲ್ಲ. ಯಾರೇ ಬಂದರೂ ಒಂದೇ ಚಹಾದಲ್ಲಿ ಇಬ್ಬರು: ಬಂದವರಿಗೆ ಕಪ್ಪು, ಮನೆಯವರಿಗೆ ಬಸಿ. ಪಕ್ಕದ ಮನೆಯ ಶಿವಲಿಂಗವ್ವ ಮಾತ್ರ "ಎಲುವಿನ ಬಶಿ ನಮಗ ಬ್ಯಾಡವಾ" ಎಂದು ತನ್ನ ಲೋಟವನ್ನು ತಾನೇ ತರುತ್ತಿದ್ದಳು. ಅದಕ್ಕೆ ನಾನೇನೂ ಬೇಸರ ಮಾಡಿಕೊಳ್ಳಲಿಲ್ಲ. ಮಗಳು ಲೀದಿಯಾ ಹುಟ್ಟಿ, ಹಲ್ಲು ಬಂದು, ಚಹಾಕ್ಕೆ ಹಟ ಹಿಡಿಯುವ ವಯಸ್ಸಾದಾಗ, ದಾವೀದಪ್ಪ ನನ್ನೊಳಗೆ ಆರಿಸಿ ಮೊದಲ ಗುಟುಕು ಅವಳಿಗೆ ಕುಡಿಸಿ, ಅದೇ ಜಾಗಕ್ಕೆ ತುಟಿಯಿಟ್ಟು ಉಳಿದದ್ದನ್ನು ತಾನು ಕುಡಿಯುತ್ತಿದ್ದ. ಅವಳು ಶಾಲೆಗೆ ಹೋದಳು, ತಾನೇ ಟೀಚರ್ ಆದಳು, ಮದುವೆಯಾದಳು. ಅಪ್ಪ ಮಗಳ ಸಂಜೆಯ ಚಹಾ ಮಾತ್ರ ಅವನು ತೀರಿಹೋಗುವವರೆಗೂ ತಪ್ಪಲಿಲ್ಲ. ಅಷ್ಟು ವರ್ಷಗಳಲ್ಲಿ ನನ್ನ ಅಂಚಿನ ಒಂದು ಕಡೆ, ಎರಡು ಬೆರಳಿನಗಲ, ಬಂಗಾರ ಪೂರ್ತಿ ಸವೆದುಹೋಯಿತು.

ನಮ್ಮಿಂದ ಹತ್ತಿದ ಹುಚ್ಚೋ ಏನೋ, ಲೀದಿಯಾ ಹಳೆಯ ಬಂಗಲೆಗಳ ಹರಾಜಿನಲ್ಲಿ, ಬೆಳಗಾವಿ ಕ್ಯಾಂಪಿನ ಹಳೆ ಅಂಗಡಿಗಳಲ್ಲಿ ನಮ್ಮ ಕುಲದವರನ್ನು ಹುಡುಕಿ ಹುಡುಕಿ ತಂದಳು. ಮೂರು ಕಪಾಟು ತುಂಬಿತು. ಗಂಡ ತಿಮೊಥಿ ರೈಲ್ವೆ ವರ್ಕ್‌ಶಾಪಿನಲ್ಲಿ ರೈಲಿನ ಡಬ್ಬಿಗಳ ಮೇಲೆ ಅಕ್ಷರ, ಅಂಕಿ ಬರೆಯುತ್ತಿದ್ದ ಪೇಂಟರ್. "ಕುಡಿಯೋರು ಇಬ್ಬರು, ಕಪ್ಪು ಇನ್ನೂರು" ಎಂದು ಹೆಂಡತಿಯನ್ನು ಕಾಡಿಸುತ್ತಲೇ ಕಪಾಟುಗಳಿಗೆ ಬಣ್ಣ ಹಚ್ಚಿಕೊಟ್ಟ.

ನಿವೃತ್ತಿಯಾಗಿ ಕೆಲವು ವರ್ಷ ಕಳೆದ ಮೇಲೆ ಲೀದಿಯಾ ಒಂದು ದಿನ ಗಟ್ಟಿ ಮನಸ್ಸು ಮಾಡಿದಳು.

"ನಮಗ ಮಕ್ಕಳಿಲ್ಲ. ನಾವು ಹೋದಮ್ಯಾಲೆ ಯಾವನರ ಗುಜರಿಯವ ಇವನ್ನ ಗೋಣಿಚೀಲದಾಗ ಸುರುವಿಕೊಂಡ ಹೋಗತಾನ. ಅದಕ್ಕಿಂತ ನಾನ ಒಂದೊಂದನ್ನೂ ಒಂದೊಂದು ಮನಿಗೆ ಸೇರಸ್ತೀನಿ" ಎಂದಳು.

ಹೀಗೆ ಮನೆಯಲ್ಲೇ ಮಾರಾಟ ಶುರುವಾಯಿತು. ಅವಳದು ಒಂದೇ ನಿಯಮ: ಇದ್ದದ್ದು ಇದ್ದ ಹಾಗೆ. ಕೂದಲೆಳೆ ಬಿರುಕಿದ್ದರೂ ತಾನೇ ಬೆರಳಿಟ್ಟು ತೋರಿಸುತ್ತಿದ್ದಳು. ಬಾಯಿಂದ ಬಾಯಿಗೆ ಹೋದ ಮಾತನ್ನು ನಂಬಿ ಜನ ಬರುತ್ತಿದ್ದರು. ಆ ಮಾತು ಕೆಟ್ಟರೆ ಬಾಗಿಲು ಮುಚ್ಚಿದಂತೆಯೇ ಎಂದು ಅವಳಿಗೆ ಗೊತ್ತಿತ್ತು.

ಬೆಳಗಾವಿಯ ಮನೋರಮಾ ದೇಸಾಯಿ ನಮ್ಮ ಸೆಟ್ ನೋಡಲು ಬರುತ್ತಾರೆಂದು ಸುದ್ದಿ ಬಂತು. ಈ ಸಾಮಾನಿನ ಮರ್ಮ ಬಲ್ಲವರು. ಅವರು ಸರಿ ಎಂದರೆ ಹತ್ತು ಮನೆ ಬರುತ್ತವೆ, ಖೋಟಾ ಎಂದರೆ ಒಂದೂ ಬರುವುದಿಲ್ಲ. ಎಡವಟ್ಟಾದದ್ದು ಅಲ್ಲೇ. ಹಿಂದಿನ ಸಂಜೆ ಲೀದಿಯಾ ಪೇಟೆಗೆ ಹೋದಾಗ ತಿಮೊಥಿ ನನ್ನ ಸವೆದ ಅಂಚನ್ನು ನೋಡಿ ಮರುಗಿದ.

"ಕನ್ಯಾ ತೋರಸೂಮುಂದ ಹಳೇ ಸೀರಿ ಉಡಸ್ತಾರೇನು?" ಎಂದು ನನ್ನನ್ನೇ ಕೇಳಿ, ಫೋಟೊ ಚೌಕಟ್ಟಿಗೆ ಹಚ್ಚಿ ಮಿಕ್ಕಿದ್ದ ಬಂಗಾರ ಬಣ್ಣದ ಡಬ್ಬಿ ತೆರೆದ. ಆ ಕೈ ಎಷ್ಟು ನಿಖರವೆಂದರೆ, ಹಳೆಯ ಗೆರೆ ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತೆಂದು ನನಗೇ ತಿಳಿಯಲಿಲ್ಲ. ಬಾಯಿದ್ದಿದ್ದರೆ ಬೇಡ ಎನ್ನುತ್ತಿದ್ದೆ. ಅವನೋ ಪ್ರೀತಿಯಿಂದಲೇ ಮಾಡಿದ್ದ, ಆದರೆ ಹೆಂಡತಿಗೆ ಹೇಳಲಿಲ್ಲ.

ಮರುದಿನ ದೇಸಾಯಿಬಾಯಿ ಬಂದರು. ಇಸ್ತ್ರಿ ಮಾಡಿದ ಇಳಕಲ್ ಸೀರೆ, ಕೈಯಲ್ಲಿ ಭೂತಗನ್ನಡಿ. ತಟ್ಟಿ ಕೇಳಿದರು, ಬೆಳಕಿಗೆ ಹಿಡಿದರು, ತಲೆದೂಗಿದರು. ಲೀದಿಯಾ ಅವರಿಗೆ ನಮ್ಮಲ್ಲೇ ಚಹಾ ತಂದಳು. ಬೆರಳಿಟ್ಟು ತೋರಿಸೋಣವೆಂದು ಸವೆದ ಬಸಿಯನ್ನು ಹುಡುಕಿದರೆ ಕಂಡರೆ ತಾನೇ! ಗಡಿಬಿಡಿಯಲ್ಲಿ ಆರರಲ್ಲಿ ಕೈಗೆ ಸಿಕ್ಕ ನನ್ನನ್ನೇ ಕೊಟ್ಟಳು.

"ತಪ್ಪು ತಿಳೀಬ್ಯಾಡ್ರಿ ಟೀಚರ್, ನಮಗ ಬಶಿಯೊಳಗ ಕುಡುದ್ರನ ಚಹಾ ಕುಡದಂಗ ಆಗತದ" ಎಂದು ದೇಸಾಯಿಬಾಯಿ ನನ್ನೊಳಗೆ ಸುರಿದುಕೊಂಡು ಸುರ್‌ರ್ ಎಂದರು. ಬಿಸಿ ತಾಗಿ, ಒಳಗಿನ್ನೂ ಹಸಿಯಿದ್ದ ಬಣ್ಣ ಬಿಟ್ಟಿತು. ಬಾಯಿ ಒರೆಸಿಕೊಂಡ ಬಿಳಿ ಕರವಸ್ತ್ರದ ಮೇಲೆ ಬಂಗಾರ ಬಣ್ಣದ ಮೀಸೆ ಮೂಡಿತು!

"ಇದೇನ್ರಿ? ಖರೇ ಬಂಗಾರ ಹಿಂಗ ಬಿಡತದೇನು?"

ಲೀದಿಯಾ ನನ್ನನ್ನು ನೋಡಿದಳು, ಗಂಡನನ್ನು ನೋಡಿದಳು. ತಿಮೊಥಿ ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದ. "ನಾನ ಹಚ್ಚಿದ್ದು. ಆಕಿಗೆ ಗೊತ್ತಿಲ್ರೀ" ಎಂದ. ಲೀದಿಯಾಳ ಮುಖ ಸುಣ್ಣದಂತಾಯಿತು. ಆದರೂ ಅವಳು ಗಂಡನ ಮೇಲೆ ಹರಿಹಾಯಲಿಲ್ಲ. ನನ್ನನ್ನು ತೆಗೆದುಕೊಂಡು, ಸೆರಗಿನಿಂದ ಉಜ್ಜಿ ಉಜ್ಜಿ, ಅವರ ಎದುರಿಗೇ ಆ ಬಣ್ಣವನ್ನೆಲ್ಲ ತೆಗೆದಳು. ಬರಿದಾದ ಬಿಳಿ ಅಂಚು ಹೊರಬಂತು.

"ಇದು ನಮ್ಮಪ್ಪನ ತುಟಿ ತಾಗಿ ಸವದ ಜಾಗಾರೀ. ಅರ್ಧಾ ನಂದೂ ಐತಿ. ಹಚ್ಚಿದವರು ಅವರಾದ್ರೂ ಮನಿ ನಂದು, ಮಾತು ನಂದು. ನಿಮಗ ನಂಬಿಕಿ ಹೋಗಿದ್ರ ತಗೋಬ್ಯಾಡ್ರಿ. ತಗೊಂಡ್ರೂ ಐದ ಜೋಡಿ ಅಷ್ಟ ಒಯ್ರಿ. ಇದನ್ನ ನಾ ಕೊಡಂಗಿಲ್ಲ. ಇಷ್ಟು ದಿನ ಇದನ್ನ ಮಾರಾಕ ಹೆಂಗ ಇಟ್ಟಿದ್ನೋ!"

ದೇಸಾಯಿಬಾಯಿ ನನ್ನನ್ನು ಕೈಗೆ ತೆಗೆದುಕೊಂಡರು. ಬೆರಳಿನಿಂದ ಆ ಅಂಚನ್ನು ಸವರಿ ನೋಡಿದರು.

"ಐದ ಕಟ್ರಿ" ಎಂದರು. "ಇದನ್ನೂ ಮಾರಿದ್ರ ನನಗ ನಿಮ್ಮ ಮ್ಯಾಲ ಸಂಶಯ ಬರ್ತಿತ್ತು. ಇದನ್ನ ತೊಳದ ತರ್ರಿ, ಆರಿದ ಚಹಾ ನನಗ ಸೇರೂದಿಲ್ಲ."

ಅವರು ಎರಡನೆಯ ಚಹಾ ಕುಡಿದದ್ದು ಆ ಬರಿ ಅಂಚಿನಿಂದಲೇ. ನನಗೆ ಅಂದು ಆದ ಹೆಮ್ಮೆ, ಆ ಹೆಣ್ಣುಮಗಳು ಬಂಗಾರ ಬಳಿದ ದಿನವೂ ಆಗಿರಲಿಲ್ಲ.

ಈಗ ಮೂರು ಕಪಾಟುಗಳಲ್ಲಿ ಎರಡು ಖಾಲಿಯಾಗಿವೆ. ನೋಡಲು ಬಂದವರ ಕೈಗೆ ಲೀದಿಯಾ ಎಲ್ಲಕ್ಕಿಂತ ಮೊದಲು ನನ್ನನ್ನು ಕೊಟ್ಟು, "ಸವದದ್ದು ಹಿಂಗಿರತೈತಿ ನೋಡ್ರಿ" ಎನ್ನುತ್ತಾಳೆ. ಕಪಾಟಿನ ನನ್ನ ಜಾಗದಲ್ಲಿ ತಿಮೊಥಿ ಒಂದು ರಟ್ಟಿನ ತುಂಡಿಗೆ ರೈಲಿನ ಡಬ್ಬಿಯ ಮೇಲಿರುವಂಥ ದುಂಡು ಅಕ್ಷರದಲ್ಲಿ 'ಮಾರಾಟಕ್ಕಿಲ್ಲ' ಎಂದು ಬರೆದು ನಿಲ್ಲಿಸಿದ್ದಾನೆ. ಸಂಜೆ ಅವನಿಗೆ ಕಪ್ಪು, ಅವಳಿಗೆ ನಾನು. ಆ ಹೆಣ್ಣುಮಗಳು ಒಂದೇ ಉಸಿರಿನಲ್ಲಿ ಎಳೆದ ಗೆರೆಯನ್ನು ಅಳಿಸಲು ಈ ಮನೆಯವರು ಎಪ್ಪತ್ತೈದು ವರ್ಷಕ್ಕೂ ಮೇಲೆ ದುಡಿದಿದ್ದಾರೆ. ಇನ್ನೂ ಮುಕ್ಕಾಲು ಸುತ್ತಿಗಿಂತ ಹೆಚ್ಚೇ ಉಳಿದಿದೆ.