ನೋವಿನ ಪುಸ್ತಕ

ಇಪ್ಪತ್ತಾರು ವರ್ಷ ಬೇಸ್‌ಬಾಲ್ ಆಟಗಾರರ ತೋಳು ತಿಕ್ಕಿದವನು ನಾನು. ಯಾರಿಗೆ ಎಲ್ಲಿ ನೋವು, ಎಷ್ಟು ನೋವು ಎಂದು ದಿನವೂ ಬರೆದಿಡುವುದೂ ನನ್ನದೇ ಕೆಲಸ. ಆ ಪುಸ್ತಕ ಡಾಕ್ಟರಿಗೆ ಮಾತ್ರ ಎಂದು ನಂಬಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನಮ್ಮ ತಂಡದಲ್ಲಿ ಚೆಂಡೆಸೆಯುವ ವೆಂಡೆಲ್ ಪ್ರುಯಿಟ್ ನನ್ನಿಂದ ಏನನ್ನೂ ಮುಚ್ಚಿಟ್ಟವನಲ್ಲ. ಸೆಪ್ಟೆಂಬರಿನಲ್ಲಿ ನನ್ನ ಮೇಜಿನ ಮೇಲೆ ಮಲಗಿ, "ಅಜ್ಜಾ, ಮೊಣಕೈ ಒಳಗೆ ಸೂಜಿ ಚುಚ್ಚಿದ ಹಾಗಾಗ್ತಿದೆ" ಎಂದ.

"ಮ್ಯಾನೇಜರ್‌ಗೆ ಹೇಳ್ಲಾ?"

"ಅವ್ರಿಗೆ ಗೊತ್ತು. ಇನ್ನೆರಡು ವಾರ ಹೆಂಗಾದ್ರೂ ಎಸೆದ್ಬಿಡಪ್ಪ ಅಂತ ಬೇಡ್ಕೊಂಡಿದಾರೆ. ನಾನಿಲ್ದಿದ್ರೆ ಇನ್ಯಾರು, ನೀನು ಎಸಿತೀಯಾ?"

ಎಸೆದ. ಮೂರು ಪಂದ್ಯ ಸೋತ. ನಾನು ನೋವನ್ನಷ್ಟೇ ಬರೆದುಕೊಂಡೆ.

ಫೆಬ್ರವರಿಯಲ್ಲಿ ಅವನ ಸಂಬಳದ ತಕರಾರು ಪಂಚರ ಮುಂದೆ ಹೋಯಿತು. ಅವನು ಕೇಳಿದ್ದು ನಲವತ್ತೊಂದು ಲಕ್ಷ ಡಾಲರ್, ತಂಡ ನಡೆಸುವ ಕ್ಲಬ್ಬು ಹೇಳಿದ್ದು ಮೂವತ್ತನಾಲ್ಕು. ನಡುವಿನ ಲೆಕ್ಕವಿಲ್ಲ, ಪಂಚರು ಎರಡರಲ್ಲೊಂದನ್ನು ಆರಿಸಬೇಕು. ಹಾಗಾಗಿ ವರ್ಷವಿಡೀ ಬೆನ್ನು ತಟ್ಟಿದ ಕ್ಲಬ್ಬೇ ಅಂದು ಅವನೆದುರು ಕೂತು ಅವನನ್ನು ಹಳಿಯುತ್ತದೆ. ಪದ್ಧತಿಯಂತೆ.

ವಿಚಾರಣೆ ನಡೆದ ಟ್ಯಾಂಪಾದ ಹೋಟೆಲಿನಲ್ಲಿ ನನ್ನನ್ನೂ ಗೋಡೆ ಬದಿ ಕೂರಿಸಿದ್ದರು. ಕ್ಲಬ್ಬಿನ ವಕೀಲ ನನ್ನ ಪುಸ್ತಕ ತೆರೆದು ಓದಿದ: "ಸೆಪ್ಟೆಂಬರ್ ಒಂಬತ್ತು, ಮೊಣಕೈ ನೋವು. ಹನ್ನೆರಡು, ನೋವು ಹೆಚ್ಚು." ಆಮೇಲೆ ಪಂಚರತ್ತ ತಿರುಗಿದ: "ಸೋಲಿಗೆ ಕಾರಣ ಇಲ್ಲೇ ಇದೆ. ಈ ತೋಳನ್ನ ನಂಬೋದು ಹೇಗೆ?"

ಯಾರ ಮಾತಿಗೆ ಎಸೆದ ಎಂದು ನಾನು ಎದ್ದು ಹೇಳಬಹುದಿತ್ತು. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು, ಕೂತೇ ಇದ್ದೆ. ವೆಂಡೆಲ್ ವಕೀಲನ ಕಡೆ ನೋಡಲಿಲ್ಲ. ನನ್ನನ್ನು ನೋಡಿದ.

ಮರುದಿನ ತೀರ್ಪು ಬಂತು. ಗೆದ್ದವನು ಅವನೇ. ಕೈ ಕುಲುಕಲು ಹೋದೆ, ಅವನು ಕಾರು ಹತ್ತಿ ಆಗಿತ್ತು.

ಏಪ್ರಿಲಿನಲ್ಲಿ ಮತ್ತೆ ನನ್ನ ಮೇಜಿನ ಮೇಲೆ ಮಲಗಿದ. ಮೊಣಕೈ ಮುಟ್ಟಿದರೆ ಬಿಸಿ.

"ನೋವಿದೆಯೇನೋ, ಮಗಾ?"

"ಇಲ್ಲ ಸಾರ್. ನೋವಿಲ್ಲ ಅಂತ ಬರ್ಕೊಳ್ಳಿ."

ಸಾರ್ ಅಂದ. ಬೆರಳಿಗೆ ತಿಳಿದ ಬಿಸಿಯನ್ನು ಬಿಟ್ಟು ಅವನು ಹೇಳಿದ್ದನ್ನೇ ಬರೆದೆ. ಇನ್ನೊಮ್ಮೆ ಅವನ ವಿರುದ್ಧ ಸಾಕ್ಷಿಯಾಗುವುದು ನನಗೆ ಬೇಡವಾಗಿತ್ತು.

ಮೇ ತಿಂಗಳಲ್ಲಿ, ಐದನೇ ಇನ್ನಿಂಗ್ಸ್‌ನಲ್ಲಿ, ಎಸೆದ ಚೆಂಡು ಎತ್ತಲೋ ಹೋಯಿತು. ವೆಂಡೆಲ್ ತೋಳು ಹಿಡಿದು ಮಂಡಿಯೂರಿದ. ನಾನು ಓಡಿದೆ.

ಮೊಣಕೈಯ ಕೀಲು ಹಿಡಿದಿಡುವ ಲಿಗಮೆಂಟು ಪೂರ್ತಿ ಹರಿದಿದೆ, ಇನ್ನು ಎಸೆಯುವುದು ಅನುಮಾನ ಎಂದರು ಡಾಕ್ಟರು. "ಮೊದ್ಲೇ ನೋವಿತ್ತಾ?" ಎಂದು ನನ್ನ ಪುಸ್ತಕ ತೆರೆದರು. ಏಪ್ರಿಲಿನಿಂದೀಚೆಗೆ ಪುಟಪುಟಕ್ಕೂ ನನ್ನದೇ ಕೈಬರಹ: ನೋವಿಲ್ಲ, ನೋವಿಲ್ಲ.